ಮೂರನೆಯ ಗುಳಿ

ಗಡಿಯಾರದವರ ಹೆಂಡತಿಯ ತಮ್ಮ ಮನೆಗೆ ಬಂದಾಗಲೆಲ್ಲ ಕೇಳುವ ಪ್ರಶ್ನೆ ಒಂದೇ. ಕಾಲು ಚಾಚಿ ಕೂತು, ಲೋಟದ ಟೀ ಅರ್ಧ ಮುಗಿದ ಮೇಲೆ, ಈಗಷ್ಟೇ ಹೊಳೆದವನ ಹಾಗೆ ಶುರು ಮಾಡುತ್ತಾನೆ.

"ಅಲ್ಲ ಭಾವ, ನೀವು ಅಲ್ಲಿ ಮಾಡೋದಾದ್ರೂ ಏನು?"

"ಕಲ್ಲು ಹಿಂಡ್ತೀವಿ."

"ಹಿಂಡಿದ್ರೆ ಏನು ಬರುತ್ತೆ?"

"ಗೆರೆ ಬರುತ್ತೆ."

"ಗೆರೆ ಇಟ್ಕೊಂಡು ಏನು ಮಾಡ್ತಾರೆ?"

ಇಷ್ಟಕ್ಕೆ ಬಂದರೆ ಗಡಿಯಾರದವರ ಬಾಯಿ ಕಟ್ಟಿತು ಎಂದೇ ಅರ್ಥ. ಅವರು ಹೆಂಡತಿಯ ಮುಖ ನೋಡುತ್ತಾರೆ. ಹೆಂಡತಿ ಮಕ್ಕಳ ವಾರ್ಡಿನಲ್ಲಿ ನರ್ಸು. ದಿನಾ ಇಂಥ ಎಷ್ಟೋ ಪ್ರಶ್ನೆ ಕೇಳಿಸಿಕೊಂಡವಳು. "ನಿನಗ್ಯಾಕೋ ಅದೆಲ್ಲ, ಟೀ ಕುಡಿ," ಎಂದು ತಮ್ಮನ ಬಾಯಿ ಮುಚ್ಚಿಸುತ್ತಾಳೆ.

ಇಪ್ಪತ್ತೆರಡು ವರ್ಷದಿಂದ ಬೆಳಿಗ್ಗೆ ಒಂಬತ್ತೂವರೆಗೆ ಹೋಗಿ ಸಂಜೆ ಐದಕ್ಕೆ ಬರುವ ಮನುಷ್ಯನಿಗೆ ತಾನು ಏನು ಮಾಡುತ್ತಿದ್ದೇನೆ ಎಂದು ಗೊತ್ತಿಲ್ಲ ಅಂದರೆ ನಂಬುವುದು ಕಷ್ಟ. ಹಾಗಂತ ನಗಬೇಡಿ. ನಾವು ನೀವು ಮಾಡುವ ಕೆಲಸ ಕೊನೆಗೆ ಎಲ್ಲಿ ಹೋಗಿ ಮುಟ್ಟುತ್ತದೆ ಎಂದು ನಮಗಾದರೂ ಎಷ್ಟು ಗೊತ್ತು? ಗಡಿಯಾರದವರಿಗೆ ತಮ್ಮ ಪಾಲಿನ ಕೆಲಸ ಗೊತ್ತಿತ್ತು, ಅದೂ ಕೂದಲೆಳೆಯ ಲೆಕ್ಕದಲ್ಲಿ. ಅದರಾಚೆಯದು ಅವರಿಗೆ ಮಂಜು. ಮಂಜಿನಲ್ಲಿ ನಡೆದು ನಡೆದು ಅದೇ ರೂಢಿಯಾಗಿತ್ತು.

ಮೊದಲು ಅವರು ನಿಜವಾಗಿಯೂ ಗಡಿಯಾರದವರೇ. ಮೂರು ರಸ್ತೆ ಕೂಡುವ ಕಡೆ, ಔಷಧಿ ಅಂಗಡಿಯ ಮೆಟ್ಟಿಲ ಕೆಳಗೆ, ಒಬ್ಬರು ಮಂಡಿ ಮಡಿಸಿ ಕೂರುವಷ್ಟೇ ಜಾಗ. ಅಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅವರಪ್ಪ ಕೂತಿದ್ದರು, ಆಮೇಲೆ ಇವರು ಕೂತರು. ಅಷ್ಟರಲ್ಲಿ ಅಗ್ಗದ ಬ್ಯಾಟರಿ ಗಡಿಯಾರ ಬಂದು, ಕೆಟ್ಟರೆ ಎಸೆದು ಹೊಸದು ಕೊಳ್ಳುವ ಕಾಲವಾಯಿತು. ಇಡೀ ಬೆಳಿಗ್ಗೆ ನೊಣ ಹೊಡೆದು, ಮಧ್ಯಾಹ್ನ ಬೀಗ ಹಾಕಿ ಮನೆಗೆ ಹೋಗುವ ದಿನಗಳೇ ಜಾಸ್ತಿಯಾದವು. ಅಂಥ ಒಂದು ದಿನ ಒಬ್ಬ ಪ್ರೊಫೆಸರರು ತಮ್ಮ ತಂದೆಯ ಕಾಲದ ಕೈಗಡಿಯಾರ ತಂದರು. ಇವರು ಎಳ್ಳಿನ ಕಾಲುಭಾಗದಷ್ಟು ಸ್ಕ್ರೂ ಎತ್ತಿ ಅದರ ಜಾಗದಲ್ಲಿ ಕೂರಿಸುವುದನ್ನು ಪ್ರೊಫೆಸರರು ಬಗ್ಗಿ ನೋಡುತ್ತಿದ್ದರು.

"ನಿಮ್ಮ ಕೈ ನಡುಗೋದೇ ಇಲ್ವಲ್ರೀ!"

"ನಡುಗಿದ್ರೆ ಮನೇಲಿ ಒಲೆ ಉರಿಯಲ್ಲ ಸಾರ್."

"ನನ್ನ ಹತ್ತಿರ ಬರ್ತೀರಾ? ಕಲ್ಲು ತುಂಬೋ ಕೆಲಸ ಇದೆ."

ಕಲ್ಲು ತುಂಬುವುದು ಅಂದರೆ ಲಾರಿಗೆ ಎಂದುಕೊಂಡೇ ಅವರು ಮನೆಗೆ ಬಂದು ಹೇಳಿದ್ದು. ಹೆಂಡತಿ ಅವರ ಸೊಂಟವನ್ನೂ ಮುಖವನ್ನೂ ಒಂದು ಸಲ ನೋಡಿ, "ನಿಮ್ಮ ಕೈಲಿ ಬಕೆಟ್ ನೀರು ಎತ್ತೋಕೆ ಆಗಲ್ಲ, ಕಲ್ಲು ಎತ್ತುತ್ತೀರಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೋಗಿ ನೋಡಿದರೆ ಕಲ್ಲು ಕಣ್ಣಿಗೇ ಕಾಣುತ್ತಿರಲಿಲ್ಲ.

ಕೆಲಸ ಇಷ್ಟು. ಮುಷ್ಟಿಯಲ್ಲಿ ಹಿಡಿಸುವ ಉಕ್ಕಿನ ಒಂದು ಬಿಲ್ಲೆ, ಅದರೊಳಗೆ ಎದುರುಬದುರಾಗಿ ಎರಡು ವಜ್ರ. ವಜ್ರದ ಮೂತಿಗಳನ್ನು ಚಪ್ಪಟೆಯಾಗಿ ಅರೆದಿರುತ್ತಾರೆ. ಆ ಎರಡು ಮೂತಿಗಳ ನಡುವೆ ತೆಳ್ಳನೆಯ ತಗಡು, ತಗಡಿನ ನಡುವೆ ಕೂದಲ ದಪ್ಪದ ತೂತು. ಆ ತೂತಿನೊಳಗೆ ಕಲ್ಲಿನ ಕಣ, ಪಕ್ಕದಲ್ಲಿ ಒತ್ತಡ ಎಷ್ಟೆಂದು ತನ್ನ ಹೊಳಪಿನಿಂದ ಹೇಳುವ ಕೆಂಪು ಮಾಣಿಕ್ಯದ ಚೂರು, ಸುತ್ತ ಒಂದಿಷ್ಟು ಉಪ್ಪು. ಇವನ್ನು ಸೂಕ್ಷ್ಮದರ್ಶಕದ ಕೆಳಗೆ ಸೂಜಿಮೊನೆಯಿಂದ ಎತ್ತಿ ಕೂರಿಸಬೇಕು. ಆಮೇಲೆ ನಾಲ್ಕು ಸ್ಕ್ರೂಗಳನ್ನು ಒಂದೇ ಸಮನಾಗಿ, ಕಾಲು ಸುತ್ತು, ಅರೆಕಾಲು ಸುತ್ತು ತಿರುಗಿಸುತ್ತ ಹೋದರೆ, ಆ ಕಣದ ಮೇಲೆ ಬೀಳುವ ಒತ್ತಡ ಭೂಮಿಯ ಒಡಲಾಳದಲ್ಲಿರುವಷ್ಟಾಗುತ್ತದಂತೆ. ಒಂದು ಸೀನು ಬಂದರೆ ಮೂರು ದಿನದ ಕೆಲಸ ಗಾಳಿಗೆ ಹಾರಿಹೋಗುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಗಡಿಯಾರದವರು ಆ ಕೋಣೆಯಲ್ಲಿ ಸೀನಿದ್ದು ಎರಡೇ ಸಲ.

ಅವರದೊಂದು ನೇಮವಿತ್ತು. ಪ್ರತಿ ಸಲ ತುಂಬಲು ಕೂರುವ ಮೊದಲು ಉಕ್ಕಿನ ಸೂಜಿಯನ್ನು ಎಣ್ಣೆ ಸವರಿದ ಸಾಣೆಕಲ್ಲಿನ ಮೇಲೆ ಮೂರು ಸಲ ಎಳೆದು, ಬಟ್ಟೆಯಲ್ಲಿ ಒರೆಸಿ, ಉಗುರಿನ ಮೇಲೆ ಮೊನೆ ಇಟ್ಟು ನೋಡುವುದು. ಮೊಂಡು ಸೂಜಿ ಹಿಡಿದವನಿಗೆ ಕೈ ಇದ್ದೂ ಇಲ್ಲದ ಹಾಗೆ ಎಂದು ಅವರಪ್ಪ ಹೇಳುತ್ತಿದ್ದರು. ಅಪ್ಪನ ಮಾತನ್ನು ಅವರು ಒಂದು ದಿನವೂ ಮೀರಿದವರಲ್ಲ.

ಅಲ್ಲಿಗೆ ಸಂಶೋಧಕರು ಬಂದರು, ಹೋದರು. ಕೆಲವರು ಅವರನ್ನು ಸ್ಕ್ರೂಡ್ರೈವರಿನಂತೆ ಬಳಸಿದರು. ಕೆಲವರು ಹೆಸರು ಹಿಡಿದು ಕರೆದರು. ನಾಲ್ಕು ವರ್ಷದ ಹಿಂದೆ ಬಂದ ಹುಡುಗಿ ಮಾತ್ರ ಮೊದಲ ದಿನವೇ "ಮಾಮ" ಅಂದಳು. ಹುಡುಗಿ ಅಂದರೆ ಹುಡುಗಿಯಲ್ಲ, ಮದುವೆಯಾಗಿತ್ತು. ನಡುವೆ ಹೆರಿಗೆಗೆ ಹೋಗಿ ಬಂದಿದ್ದಳು. ಗಂಡನೂ ಎರಡು ವರ್ಷದ ಮಗಳೂ ಬೇರೆ ಊರಲ್ಲಿ, ಅತ್ತೆಯ ಮನೆಯಲ್ಲಿ. ತಿಂಗಳಿಗೊಮ್ಮೆ ಬಸ್ಸು ಹಿಡಿದು ಹೋಗಿ ನೋಡಿ ಬರುತ್ತಿದ್ದಳು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಫೋನಿನಲ್ಲಿ ಮಗುವನ್ನು ತೋರಿಸಿ, "ತಾತಂಗೆ ಟಾಟಾ ಮಾಡು," ಅನ್ನುತ್ತಿದ್ದಳು. ಮಗು ಅತ್ತಲಿಂದ ಫೋನನ್ನೇ ಬಾಯಿಗೆ ಹಾಕಿಕೊಳ್ಳುತ್ತಿತ್ತು. ಸ್ವಂತ ಮಕ್ಕಳಿಲ್ಲದ ಗಡಿಯಾರದವರಿಗೆ ಅದು ದಿನದ ಊಟಕ್ಕಿಂತ ರುಚಿಯಾಗಿತ್ತು.

ಅವಳ ಕಲ್ಲು ತಿಳಿಹಸಿರು. ಇನ್ನೊಂದು ಪ್ರಯೋಗಾಲಯದವರು ಕುಲುಮೆಯಲ್ಲಿ ಮಾಡಿ ಕಳಿಸಿದ ಹರಳು, ಸಣ್ಣ ಸೀಸೆಯಲ್ಲಿ ಒಂದು ಚಿಟಿಕೆ. ಅದರಲ್ಲಿ ಕಬ್ಬಿಣ ಇದೆ ಎಂದು ಅವಳು ಹೇಳಿದಾಗ ಗಡಿಯಾರದವರು ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದ್ದರು. ಕಬ್ಬಿಣ ಎಲ್ಲೂ ಕಾಣಲಿಲ್ಲ.

ಮೊದಲೆಲ್ಲ ಆ ಕೋಣೆಯಲ್ಲಿ ಲೇಸರ್ ಬೆಳಕು ಬಿಟ್ಟು ಕಲ್ಲನ್ನು ನೋಡುತ್ತಿದ್ದರು. ಮೂರು ವರ್ಷದ ಹಿಂದೆ ಹೊಸ ಯಂತ್ರ ಬಂತು. ಅದು ಕಬ್ಬಿಣವನ್ನು ಮಾತ್ರ ನೋಡುವ ಯಂತ್ರ. ಬೇರೇನಿದ್ದರೂ ಅದಕ್ಕೆ ಕುರುಡು. ಗ್ಯಾಮಾ ಕಿರಣ ಬಿಡುವ ಒಂದು ಚೂರು ಉಯ್ಯಾಲೆಯ ಹಾಗೆ ಹಿಂದೆ ಮುಂದೆ ಆಡುತ್ತಿರುತ್ತದೆ, ಕಿರಣ ವಜ್ರಗಳ ನಡುವಿನ ಕಲ್ಲನ್ನು ಹಾದು ಹೋಗುತ್ತದೆ, ಕಬ್ಬಿಣ ತನಗೆ ಬೇಕಾದಷ್ಟನ್ನು ನುಂಗಿಕೊಳ್ಳುತ್ತದೆ. ನುಂಗಿದ ಕಡೆ ಪರದೆಯ ಮೇಲಿನ ಗೆರೆಯಲ್ಲಿ ಗುಳಿ ಬೀಳುತ್ತದೆ. ಒಂದು ಗೆರೆ ಸರಿಯಾಗಿ ಮೂಡಲು ಹತ್ತು ಹಗಲು ಹತ್ತು ರಾತ್ರಿ ಬೇಕು. ಹುಡುಗಿಯ ಹಸಿರು ಕಲ್ಲಿಗೆ ಎರಡು ಗುಳಿ. ಆದರೆ ಒತ್ತಡ ಏರಿಸುತ್ತ, ನಮ್ಮ ಸುತ್ತಲಿನ ಗಾಳಿಯ ಒತ್ತಡದ ಒಂದೂವರೆ ಲಕ್ಷ ಪಟ್ಟು ಮುಟ್ಟಿಸಿದಾಗ, ಎಡಗಡೆಯ ಗುಳಿಯ ಮಗ್ಗುಲಲ್ಲಿ ಪುಟ್ಟದೊಂದು ಮೂರನೆಯ ಗುಳಿ ಬಂತು.

ಅವತ್ತು ಅವಳು ಕುಣಿಯುವುದೊಂದು ಬಾಕಿ. "ಮಾಮ, ಕಲ್ಲೊಳಗಿನ ಕಬ್ಬಿಣ ಬೇರೆ ಥರ ಆಗ್ತಿದೆ! ಇಷ್ಟು ಕಡಿಮೆ ಒತ್ತಡದಲ್ಲಿ ಯಾರೂ ನೋಡಿಲ್ಲ!" ಪ್ರೊಫೆಸರರು ನಂಬಲಿಲ್ಲ, ಇನ್ನೊಂದು ಸಲ ತುಂಬಿ ನೋಡಿ ಅಂದರು. ಗಡಿಯಾರದವರು ಹೊಸದಾಗಿ ತುಂಬಿದರು. ಅದೇ ಒತ್ತಡಕ್ಕೆ ಅದೇ ಗುಳಿ ಮತ್ತೆ ಬಂತು. ಇನ್ನೇನು ಬೇಕು? ಪಿಎಚ್.ಡಿ ಪ್ರಬಂಧ ಬರೆದಾಯಿತು, ಬೈಂಡಿಂಗಿಗೆ ಹೋಯಿತು. ಶುಕ್ರವಾರದೊಳಗೆ ಅದನ್ನು ಸಲ್ಲಿಸಿದ ಚೀಟಿ ತೋರಿಸಿದರೆ ಗಂಡನ ಊರಿನ ಕಾಲೇಜಿನಲ್ಲಿ ಅವಳಿಗೆ ಕೆಲಸ. ಮಗುವಿನ ಜೊತೆ ಒಂದೇ ಸೂರಿನಡಿ ಇರುವ ಕೆಲಸ. ಹಾಸ್ಟೆಲಿನ ಕೋಣೆಯಲ್ಲಿ ಅರ್ಧ ಸಾಮಾನು ಆಗಲೇ ಕಟ್ಟಿಟ್ಟಿದ್ದಳು.

ಸೋಮವಾರ ಬೆಳಿಗ್ಗೆ ಪ್ರೊಫೆಸರರು, "ಗಡಿಯಾರದವರೇ, ಇನ್ನೊಂದು ಸಲ ತುಂಬಿಬಿಡಿ, ಮುಂದಿನ ಲೇಖನಕ್ಕೆ ಇನ್ನೂ ಮೇಲಿನ ಒತ್ತಡಕ್ಕೆ ಹೋಗೋಣ," ಎಂದರು. ಅವರು ನೇಮದಂತೆ ಸಾಣೆ ಹಿಡಿದರು, ಒರೆಸಿದರು, ಕೂತರು. ಸೂಜಿಯನ್ನು ಗಾಜಿನ ತಟ್ಟೆಯ ಮೇಲಿದ್ದ ಕಣಗಳ ಹತ್ತಿರ ತಂದಾಗ ಒಂದು ವಿಚಿತ್ರ ಕಂಡಿತು. ಅಲ್ಲೇ ಬಿದ್ದಿದ್ದ ಎಳೆಯಂಥ ಕರಿಯ ಚೂರೊಂದು ಎದ್ದು ನಿಂತು, ಸೂಜಿ ಮುಟ್ಟುವ ಮೊದಲೇ ಹಾರಿ ಅದರ ಮೊನೆಗೆ ಅಂಟಿಕೊಂಡಿತು. ಮೊನೆಯನ್ನು ದೊಡ್ಡದು ಮಾಡಿ ನೋಡಿದರೆ ಅಂಥವೇ ಇನ್ನೂ ನಾಲ್ಕೈದು, ಮೀಸೆ ಬಿಟ್ಟ ಹಾಗೆ ನಿಂತಿದ್ದವು.

ಗಡಿಯಾರ ರಿಪೇರಿಯವರಿಗೆ ಇದು ಹಳೆಯ ಪೀಡೆ. ಹತಾರಕ್ಕೆ ಆಯಸ್ಕಾಂತದ ಗುಣ ಹತ್ತಿದರೆ ಸಾಣೆ ಹಿಡಿದಾಗ ಸವೆದ ಉಕ್ಕಿನ ಪುಡಿ ಅದಕ್ಕೇ ಕಚ್ಚಿಕೊಳ್ಳುತ್ತದೆ, ಎಷ್ಟು ಒರೆಸಿದರೂ ಬಿಡುವುದಿಲ್ಲ. ಆಯಸ್ಕಾಂತ ಹತ್ತಿದ್ದು ಎಲ್ಲಿಂದ ಎಂದು ತಲೆ ಎತ್ತಿದರೆ ಅವರ ಹತಾರದ ಡಬ್ಬಿ ಇದ್ದದ್ದು ಹೊಸ ಯಂತ್ರದ ಪಕ್ಕದ ಕಪಾಟಿನಲ್ಲಿ. ಎಂಟು ತಿಂಗಳ ಹಿಂದೆ ಗೋಡೆಗೆ ಬಣ್ಣ ಹೊಡೆದಾಗ ಅಲ್ಲಿಗೆ ಸರಿಸಿದ್ದು, ಸರಿಸಿದ ಜಾಗವೇ ಕಾಯಂ ಆಗಿತ್ತು. ಯಂತ್ರದೊಳಗೆ ಕಿರಣ ಬಿಡುವ ಚೂರನ್ನು ಉಯ್ಯಾಲೆ ಆಡಿಸುವುದು ದೊಡ್ಡದೊಂದು ಆಯಸ್ಕಾಂತವೇ.

ಹಿಂದಿನ ಎರಡು ಸಲವೂ ಈ ಪುಡಿ ಕಲ್ಲಿನ ಜೊತೆ ಒಳಗೆ ಹೋಗಿದ್ದರೆ ಎಂದು ಅವರು ಸೂಜಿಯನ್ನು ಹಿಂದಕ್ಕೆ ಎಳೆದುಕೊಂಡರು. ಆದರೆ ಮರುಗಳಿಗೆಯಲ್ಲೇ ಗೊಂದಲ ಶುರುವಾಯಿತು. ಕಲ್ಲಿನಲ್ಲೂ ಕಬ್ಬಿಣ ಇದೆಯಂತಲ್ಲ, ಅದೇ ಯಾಕೆ ಹಾರಿ ಅಂಟಿರಬಾರದು? ಪರೀಕ್ಷೆ ಮಾಡೋಣವೆಂದು ಒಂದು ಹಸಿರು ಕಣದ ಹತ್ತಿರ ಸೂಜಿ ತಂದರು. ಅದೂ ಅಂಟಿತು. ಮಾಣಿಕ್ಯದ ಚೂರಿಗೆ ಹಿಡಿದರು. ಅದರಲ್ಲಿ ಕಬ್ಬಿಣವೇ ಇಲ್ಲ, ಅದೂ ಅಂಟಿತು! ಒಣ ಹವೆಯಲ್ಲಿ ಇಷ್ಟು ಸಣ್ಣ ಕಣ ಯಾವುದಕ್ಕಾದರೂ ಅಂಟುತ್ತದೆ ಎಂಬುದು ಅವರಿಗೆ ಗೊತ್ತಿದ್ದ ಮಾತೇ. ಗೊತ್ತಿದ್ದೂ ಏನು ಪ್ರಯೋಜನ? ಯಾವುದು ಯಾತಕ್ಕೆ ಅಂಟಿತು ಎಂದು ಹೇಳುವವರು ಯಾರು? ತುಂಬುವುದನ್ನು ಅಲ್ಲಿಗೇ ನಿಲ್ಲಿಸಿ, ತಲೆನೋವೆಂದು ಹೇಳಿ ಎದ್ದರು.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಸುತ್ತಿ ಬಳಸಿ ಕೇಳಿದರು.

"ಅಮ್ಮಾ, ನಿನ್ನ ಕಲ್ಲಲ್ಲಿರೋ ಕಬ್ಬಿಣಕ್ಕೆ ಆಯಸ್ಕಾಂತ ಹಿಡಿಯುತ್ತಾ?"

"ಇಲ್ಲ ಮಾಮ. ಒಂದು ಲೆಕ್ಕದಲ್ಲಿ ಹಿಡಿಯುತ್ತೆ, ಆದ್ರೆ ಹಿಡಿದಿದ್ದು ಗೊತ್ತಾಗಲ್ಲ."

"ಅದು ಕಬ್ಬಿಣವೇ ತಾನೇ?"

"ಕಬ್ಬಿಣವೇ. ಆದ್ರೆ ಲೋಹ ಅಲ್ಲ. ಯಾಕೆ ಮಾಮ, ಇವತ್ತು ಇಷ್ಟೊಂದು ಪ್ರಶ್ನೆ?"

"ಸುಮ್ನೆ ಕೇಳ್ದೆ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಾಯಿತು. ಕಬ್ಬಿಣ ಹೌದು, ಲೋಹ ಅಲ್ಲ. ಹಿಡಿಯುತ್ತೆ, ಆದರೆ ಹಿಡಿಯಲ್ಲ. ಅವರು ಅನ್ನವನ್ನು ಕಲಸುತ್ತಲೇ ಇದ್ದರು, ಬಾಯಿಗೆ ಹೋಗಲಿಲ್ಲ. ಅಷ್ಟರಲ್ಲಿ ಫೋನಿನಲ್ಲಿ ಮಗು ಬಂತು. "ಇನ್ನು ಐದೇ ದಿನ ಪುಟ್ಟಾ, ಅಮ್ಮ ಬಂದೇ ಬಿಡ್ತಾಳೆ," ಎಂದು ಹುಡುಗಿ ಬೆರಳು ಬಿಡಿಸಿ ಎಣಿಸಿ ತೋರಿಸಿದಳು. ಗಡಿಯಾರದವರು ಡಬ್ಬಿ ಮುಚ್ಚಿ ಕೈ ತೊಳೆಯಲು ಹೋದರು.

ಸಂಜೆ ಮನೆಯಲ್ಲಿ ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. ಇವರು ಒಂದೇ ಅಂಗಿಯನ್ನು ಮೂರು ಸಲ ಮಡಿಸಿ ಬಿಚ್ಚಿದ್ದನ್ನು ನೋಡಿ, "ಏನಾಯ್ತು ಹೇಳ್ರೀ, ಆ ಅಂಗಿ ಏನು ಪಾಪ ಮಾಡಿತ್ತು?" ಎಂದಳು. ಎಲ್ಲ ಹೇಳಿದರು.

"ಈಗ ನಿಮ್ಮ ಸೂಜಿ ಪುಡಿಯಿಂದಾನೇ ಆ ಗುಳಿ ಬಂದಿದ್ದು ಅಂತೀರಾ?"

"ನನಗೆ ಗೊತ್ತಿಲ್ಲ ಕಣೇ. ಗುಳಿ ಅಂದ್ರೇನು ಅಂತಾನೇ ನನಗೆ ಸರಿಯಾಗಿ ಗೊತ್ತಿಲ್ಲ. ಪುಡಿ ಮೊದಲಿಂದ ಇದ್ದಿದ್ರೆ ಗುಳೀನೂ ಮೊದಲಿಂದ ಇರಬೇಕಿತ್ತಲ್ಲ? ಒತ್ತಡ ಏರಿದ ಮೇಲೇ ಯಾಕೆ ಬರಬೇಕು? ಅಷ್ಟು ಓದಿದೋರು ಇಬ್ಬರೂ ಸರಿ ಅಂದಿದಾರೆ. ನಾನು ಯಾರು ತಪ್ಪು ಅನ್ನೋಕೆ?"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ. ಇಲ್ಲಿ ಯಾರೂ ಕಳ್ಳ ಅಂದೂ ಇಲ್ಲ, ನೀವಾಗೇ ಮುಟ್ಟಿ ನೋಡ್ಕೊಳ್ತಿದೀರಿ."

"ಹಾಗಾದ್ರೆ ಸುಮ್ಮನಿರಲಾ?"

ಅವಳು ಮಡಿಸಿದ ಬಟ್ಟೆಯನ್ನು ಪಕ್ಕಕ್ಕಿಟ್ಟಳು. "ನಮ್ಮ ವಾರ್ಡಲ್ಲಿ ಮಗೂಗೆ ಬೇರೆ ಔಷಧಿ ಹೋಯ್ತೇನೋ ಅಂತ ಅನುಮಾನ ಬಂದ್ರೆ ನಾವು ಖಾತ್ರಿ ಆಗೋವರೆಗೂ ಕಾಯಲ್ಲ. ಅನುಮಾನ ಬಂದ ತಕ್ಷಣ ಡಾಕ್ಟರಿಗೆ ಹೇಳ್ತೀವಿ. ಹೌದೋ ಅಲ್ವೋ ನೋಡೋದು ಅವರ ಕೆಲಸ. ಹೇಳೋದಷ್ಟೇ ನಮ್ಮದು."

"ಅವಳ ಕೆಲಸ ಹೋಗುತ್ತೆ ಕಣೇ. ಮಗು ಕಾಯ್ತಾ ಇದೆ."

ಅವಳು ಇನ್ನೊಂದು ಬಟ್ಟೆ ಎತ್ತಿಕೊಂಡಳು. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಹಾಗೆ, ನುಂಗಲೂ ಆಗದೆ ಉಗುಳಲೂ ಆಗದೆ ಅವರು ಮಂಗಳವಾರ ಇಡೀ ದಿನ ಕಳೆದರು. ಅವತ್ತು ಏನೂ ತುಂಬಲಿಲ್ಲ. ಇದ್ದಬದ್ದ ಸ್ಕ್ರೂಗಳನ್ನೆಲ್ಲ ತೊಳೆದು ಒರೆಸಿ ಇಟ್ಟರು. ತಾನು ಬರೀ ದಡ್ಡ, ಇದೆಲ್ಲ ತನ್ನ ಭ್ರಮೆ ಎಂದು ಯಾರಾದರೂ ಬೈದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಅವರಿಗೆ ಅನ್ನಿಸುತ್ತಿತ್ತು.

ಬುಧವಾರ ಬೆಳಿಗ್ಗೆ ಹುಡುಗಿ ಬೈಂಡಿಂಗಾದ ಪ್ರಬಂಧದ ಐದು ಪ್ರತಿಗಳನ್ನು ಎದೆಗವಚಿಕೊಂಡು ಬಂದಳು. ನೀಲಿ ರಟ್ಟು, ಬಂಗಾರದ ಬಣ್ಣದ ಅಕ್ಷರ. "ನೋಡಿ ಮಾಮ, ನಿಮ್ಮ ಕೈಗೇ ಮೊದಲು," ಎಂದು ಒಂದನ್ನು ಅವರ ಕೈಗೆ ಕೊಟ್ಟಳು. ಅವರು ಅದನ್ನು ಬಿಚ್ಚಲಿಲ್ಲ. ಬಿಚ್ಚದೆಯೇ ಹೇಳಿಬಿಟ್ಟರು. ಸೂಜಿ, ಸಾಣೆ, ಕಪಾಟು, ಎದ್ದು ನಿಂತ ಚೂರು, ಎಲ್ಲವೂ ಹಿಂದುಮುಂದಾಗಿ ಬಂತು.

ಹುಡುಗಿ ಮೊದಲು ನಕ್ಕಳು. "ಲೋಹದ ಕಬ್ಬಿಣ ಆಗಿದ್ರೆ ಆರು ಗುಳಿ ಬರಬೇಕು ಮಾಮ. ಕಡಿಮೆ ಒತ್ತಡದಲ್ಲಿ ಆರು ಕಾಣಲಿಲ್ಲ, ನಾನೇ ನೋಡಿದೀನಿ," ಎಂದಳು. ಹಾಗೆನ್ನುತ್ತ ಅವಳ ನಗು ಅರ್ಧಕ್ಕೇ ನಿಂತಿತು. ಕುರ್ಚಿಯಲ್ಲಿ ಕೂತು ಹಣೆಯ ಮೇಲೆ ಕೈಯಿಟ್ಟುಕೊಂಡಳು.

"ಏನಮ್ಮ?"

"ಅಷ್ಟು ಸಣ್ಣ ಪುಡಿಯದ್ದು ಆರು ಕಡೆ ಹಂಚಿಹೋದ್ರೆ ಒಂದೂ ಕಾಣಲ್ಲ. ಗೆರೆ ಸುಮ್ನೆ ಅದುರ್ತಾ ಇರುತ್ತಲ್ಲ, ಅದರೊಳಗೆ ಮುಚ್ಚಿಹೋಗುತ್ತೆ. ಲೋಹದ ಕಬ್ಬಿಣಾನ ಒಂದೂಕಾಲು ಲಕ್ಷ ಪಟ್ಟು ದಾಟಿ ಹಿಂಡಿದ್ರೆ ಅದರ ಆಯಸ್ಕಾಂತದ ಗುಣ ಹೋಗಿ ಆರೂ ಸೇರಿ ಒಂದೇ ಆಗುತ್ತೆ. ಆಗ ಕಾಣುತ್ತೆ." ಅವಳು ಪುಸ್ತಕದ ರಟ್ಟನ್ನು ನೋಡುತ್ತ ಹೇಳುತ್ತಿದ್ದಳು. "ಆರು ನಲ್ಲಿ ಒಂದೊಂದೇ ತೊಟ್ಟು ಬಿಟ್ರೆ ಕೇಳಿಸಲ್ಲ ಮಾಮ. ಎಲ್ಲ ಒಂದರಲ್ಲೇ ಬಂದ್ರೆ ಕೇಳಿಸುತ್ತೆ."

ಇಪ್ಪತ್ತೆರಡು ವರ್ಷದಲ್ಲಿ ಗಡಿಯಾರದವರಿಗೆ ಆ ಕೋಣೆಯಲ್ಲಿ ಪೂರ್ತಿಯಾಗಿ ಅರ್ಥವಾದ ಮೊದಲ ಮಾತು ಅದು. ಅರ್ಥವಾಗದೇ ಇದ್ದಿದ್ದರೆ ಒಳ್ಳೆಯದಿತ್ತು.

"ಆದ್ರೆ ಎರಡು ಸಲವೂ ಬಂತಲ್ಲಮ್ಮ?"

"ಎರಡು ಸಲವೂ ನೀವೇ ಸಾಣೆ ಹಿಡಿದಿದ್ದು ತಾನೇ?"

ಹೌದು. ನೇಮ ತಪ್ಪದವರ ತಪ್ಪೂ ತಪ್ಪದೆ ಬರುತ್ತದೆ. ತಗಡಿನಲ್ಲಿ ಕಬ್ಬಿಣ ಇರಬಾರದೆಂದು ಉಕ್ಕನ್ನು ಬಿಟ್ಟು ರೀನಿಯಮ್ ಎಂಬ ಬೇರೆ ಲೋಹ ತರಿಸಿದ್ದರು, ಉಪ್ಪನ್ನೂ ಪರೀಕ್ಷೆಗೆ ಕಳಿಸಿದ್ದರು. ಸೂಜಿಯನ್ನು ಮಾತ್ರ ಯಾರೂ ಕೇಳಿರಲಿಲ್ಲ, ಯಾಕೆಂದರೆ ಅದು ಗಡಿಯಾರದವರ ಕೈಯಲ್ಲಿತ್ತು. ಆ ಕೈಯ ಮೇಲೆ ಎಲ್ಲರಿಗೂ ಅಷ್ಟು ನಂಬಿಕೆ.

"ಖಂಡಿತ ಪುಡಿ ಒಳಗೆ ಹೋಗಿದೆ ಅಂತೀರಾ ಮಾಮ? ನೋಡಿದೀರಾ?"

"ಸೂಜಿ ಮೇಲೆ ನೋಡಿದೆ. ಒಳಗೆ ಹೋಗಿತ್ತೋ ಇಲ್ವೋ... ನಿಜವಾಗ್ಲೂ ಗೊತ್ತಿಲ್ಲಮ್ಮ. ಇದ್ದರೂ ಇರಬಹುದು, ಇಲ್ಲದಿದ್ರೂ ಇಲ್ಲ."

ಅವರು ಖಂಡಿತ ಅಂದಿದ್ದರೆ ಅವಳು ಅತ್ತು ಸುಮ್ಮನಾಗಬಹುದಿತ್ತು. ಖಂಡಿತ ಇಲ್ಲ ಅಂದಿದ್ದರೆ ನಕ್ಕು ಹೊರಡಬಹುದಿತ್ತು. ಈ ಮಾತು ಅವಳನ್ನು ಎತ್ತಲೂ ಹೋಗಗೊಡಲಿಲ್ಲ. ಪ್ರೊಫೆಸರರ ಕೋಣೆಯಲ್ಲಿ ಒಂದು ಗಂಟೆ ಮಾತಾಯಿತು. ಬಾಗಿಲಾಚೆ ಬೆಂಚಿನ ಮೇಲೆ ಕೂತ ಗಡಿಯಾರದವರಿಗೆ ತುಂಡು ತುಂಡಾಗಿ ಕೇಳಿಸಿತು. ಶುಕ್ರವಾರ ಸಲ್ಲಿಸಿಬಿಡು, ಆಮೇಲೆ ಪರೀಕ್ಷೆ ಮಾಡೋಣ, ತಪ್ಪು ಕಂಡರೆ ತಿದ್ದಿದರಾಯಿತು, ಎಲ್ಲರೂ ಮಾಡುವುದೇ ಹೀಗೆ ಎಂದು ಪ್ರೊಫೆಸರರು ಹೇಳುತ್ತಿದ್ದರು. ಹುಡುಗಿಯ ದನಿ ಕೇಳಿಸುತ್ತಿರಲಿಲ್ಲ. ಸಲ್ಲಿಸು ತಾಯಿ, ದಯವಿಟ್ಟು ಸಲ್ಲಿಸು ಎಂದು ಗಡಿಯಾರದವರು ಮನಸ್ಸಿನಲ್ಲೇ ಬೇಡುತ್ತಿದ್ದರು. ಹಾಗೆ ಬೇಡುವುದಿದ್ದರೆ ಬೆಳಿಗ್ಗೆ ಯಾಕೆ ಬಾಯಿಬಿಟ್ಟೆ ಎಂದೂ ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು. ಎರಡಕ್ಕೂ ತಾಳೆಯಾಗಲಿಲ್ಲ.

ಹೊರಗೆ ಬಂದವಳು ಅವರ ಮುಖ ನೋಡದೆ ಹೇಳಿದಳು. "ಮತ್ತೆ ತುಂಬಿ. ಉಕ್ಕು ಮುಟ್ಟದ ಹಾಗೆ."

ಅವರು ಗಾಜಿನ ಕಡ್ಡಿಯನ್ನು ಉರಿಯ ಮೇಲೆ ಕಾಯಿಸಿ ಎಳೆದು ಕೂದಲಿನಂಥ ಮೊನೆ ಮಾಡಿದರು. ಹೊಸ ತಗಡು, ಹೊಸ ಗಾಜಿನ ತಟ್ಟೆ, ಸೀಸೆಯಿಂದ ಹೊಸ ಕಣ. ಗಾಜಿನ ಮೊನೆ ಎರಡು ಸಲ ಮುರಿಯಿತು. ಮೂರನೆಯ ಸಲಕ್ಕೆ ಕಣ ಕೂತಿತು. ಸ್ಕ್ರೂ ತಿರುಗಿಸಿ ಒಂದೂವರೆ ಲಕ್ಷ ಪಟ್ಟು ದಾಟಿಸಿ ಯಂತ್ರಕ್ಕೆ ಕೊಟ್ಟರು. ಇನ್ನು ಹತ್ತು ದಿನ.

ಶುಕ್ರವಾರ ಬಂತು, ಹೋಯಿತು. ನೀಲಿ ರಟ್ಟಿನ ಐದು ಪುಸ್ತಕ ಅವಳ ಮೇಜಿನ ಮೇಲೇ ಇದ್ದವು. ಹುಡುಗಿ ಅವರ ಹತ್ತಿರ ಬುತ್ತಿ ಬಿಚ್ಚಲು ಬರಲಿಲ್ಲ, ಫೋನೂ ತೋರಿಸಲಿಲ್ಲ. ಎದುರಾದರೆ ತಲೆ ಅಲ್ಲಾಡಿಸಿ ಹೋಗುತ್ತಿದ್ದಳು. ಗಡಿಯಾರದವರು ದಿನಕ್ಕೆ ಹತ್ತು ಸಲ ಪರದೆಯ ಮುಂದೆ ಹೋಗಿ ನಿಲ್ಲುತ್ತಿದ್ದರು. ಗೆರೆಯ ತುಂಬ ಚುಕ್ಕಿಗಳು ಮೇಲೆ ಕೆಳಗೆ ಕುಣಿಯುತ್ತಿದ್ದವು. ಎಲ್ಲವೂ ಅವರಿಗೆ ಗುಳಿಯಂತೆ ಕಾಣುತ್ತಿದ್ದವು. ಕಣ್ಣುಜ್ಜಿ ನೋಡಿದರೆ ಒಂದೂ ಕಾಣುತ್ತಿರಲಿಲ್ಲ. ಮೂರನೆಯ ಗುಳಿ ಬರಲಿ, ನಾನು ಮುಠ್ಠಾಳ ಎಂದು ಇಡೀ ಕಟ್ಟಡಕ್ಕೆ ಗೊತ್ತಾಗಲಿ, ಅವಳು ತಡವಾಗಿಯಾದರೂ ಊರಿಗೆ ಹೋಗಲಿ. ಇದಕ್ಕಿಂತ ಹೆಚ್ಚು ಅವರು ಜೀವನದಲ್ಲಿ ಬೇರೇನನ್ನೂ ಬಯಸಿರಲಿಲ್ಲ.

"ಹೇಳಿದ್ದು ಸರಿಯಾಯ್ತೇನೇ?" ಎಂದು ಹೆಂಡತಿಯನ್ನು ದಿನಾ ಕೇಳಿದರು.

"ಸರಿ," ಎಂದು ಅವಳು ದಿನಾ ಹೇಳಿದಳು. ಹತ್ತನೆಯ ದಿನ ಮಾತ್ರ, "ನನಗೂ ಗೊತ್ತಾಗ್ತಿಲ್ಲ ಕಣ್ರೀ," ಎಂದಳು.

ಹನ್ನೊಂದನೆಯ ದಿನ ಬೆಳಿಗ್ಗೆ ಪ್ರೊಫೆಸರರು, ಹುಡುಗಿ ಇಬ್ಬರೂ ಪರದೆಯ ಮುಂದೆ ನಿಂತಿದ್ದರು. ಚುಕ್ಕಿಗಳೆಲ್ಲ ನೆಲೆಗೊಂಡು ಗೆರೆ ನಯವಾಗಿತ್ತು. ಗಡಿಯಾರದವರಿಗೂ ಓದಲು ಬರುವಷ್ಟು ನಯ. ಎರಡೇ ಗುಳಿ. ಎಡಗಡೆಯದರ ಮಗ್ಗುಲಲ್ಲಿ ಏನೂ ಇರಲಿಲ್ಲ.

ಯಾರೂ ಅವರನ್ನು ಬೈಯಲಿಲ್ಲ, ಅದೇ ಕಷ್ಟವಾಯಿತು. ಪ್ರೊಫೆಸರರು ಅವರ ಹೆಗಲ ಮೇಲೆ ಕೈಯಿಟ್ಟು, "ಲೇಖನ ಅಚ್ಚಾಗೋ ಮೊದಲು ಗೊತ್ತಾಯ್ತಲ್ಲ, ನಮ್ಮ ಮಾನ ಉಳೀತು," ಎಂದರು. ಆಮೇಲೆ ಬಾಗಿಲ ಹತ್ತಿರ ನಿಂತು, ಎಲ್ಲೋ ನೋಡುತ್ತ, "ನಿಮಗೂ ವಯಸ್ಸಾಯ್ತು. ಮುಂದೆ ತುಂಬೋದಕ್ಕೆ ಇನ್ಯಾರನ್ನಾದ್ರೂ ನೋಡ್ತೀನಿ," ಎಂದರು. ಗಡಿಯಾರದವರು ಆಗಲಿ ಸಾರ್ ಅಂದರು. ಬೇಜಾರೂ ಆಯಿತು, ಹಗುರವೂ ಆಯಿತು. ಯಾವುದು ಹೆಚ್ಚು ಎಂದು ಅವರಿಗೆ ತಿಳಿಯಲಿಲ್ಲ. ಗಂಡನ ಊರಿನ ಕಾಲೇಜು ಆ ಕೆಲಸವನ್ನು ಹಿಂದಿನ ವಾರವೇ ಬೇರೆಯವರಿಗೆ ಕೊಟ್ಟಿತ್ತು. ಪ್ರಬಂಧವನ್ನು ಮೊದಲಿಂದ ಮಾಡಲು ಇನ್ನೂ ಒಂದು ವರ್ಷ ಬೇಕು. ಒಂದು ವರ್ಷ ಅಂದರೆ ಮಗುವಿಗೆ ಮೂರು ತುಂಬುತ್ತದೆ. ಅಮ್ಮ ಅಂದರೆ ಫೋನು ಎಂದುಕೊಂಡೇ ಅದು ಮಾತು ಕಲಿಯುತ್ತದೆ.

ಮಧ್ಯಾಹ್ನ ಅವರು ತಮ್ಮ ಮೇಜು ಖಾಲಿ ಮಾಡುತ್ತಿದ್ದಾಗ ಹುಡುಗಿ ಬಂದಳು. ಕಣ್ಣು ಊದಿತ್ತು. ಸೀಸೆಯನ್ನು ಅವರ ಮುಂದೆ ಇಟ್ಟಳು. ತಳದಲ್ಲಿ ಹಸಿರು ಪುಡಿ ಕಂಡೂ ಕಾಣದಷ್ಟಿತ್ತು.

"ಇಷ್ಟೇ ಉಳಿದಿರೋದು. ಮತ್ತೆ ಬೇಕು ಅಂದ್ರೆ ಅವರು ಮಾಡಿ ಕಳ್ಸೋಕೆ ಆರು ತಿಂಗಳು. ಇವತ್ತೇ ತುಂಬಬೇಕು ಮಾಮ."

"ನನ್ನನ್ನ ಕ್ಷಮಿಸಿಬಿಡಮ್ಮ. ನಾನು ಬಾಯಿ ಮುಚ್ಕೊಂಡಿದ್ರೆ ನೀನು ಈಗ ಮಗು ಹತ್ತಿರ ಇರ್ತಿದ್ದೆ."

"ಇರ್ತಿದ್ದೆ," ಎಂದಳು ಅವಳು. "ಹತ್ತು ದಿನ ಅದನ್ನೇ ಯೋಚನೆ ಮಾಡಿದೆ. ನಿಮ್ಮ ಮೇಲೆ ಎಷ್ಟು ಸಿಟ್ಟು ಬಂದಿತ್ತು ಅಂದ್ರೆ ಹೇಳೋಕಾಗಲ್ಲ. ಇವತ್ತೂ ಇದೆ."

"ಮತ್ತೆ ನನಗ್ಯಾಕಮ್ಮ ಕೊಡ್ತೀಯ? ಸಾರ್ ಬೇರೆಯವರನ್ನ ನೋಡ್ತಾರಂತೆ."

"ಬೇಡ ಅಂತ ಹೇಳಿ ಬಂದೆ." ಅವಳು ಮೂಗೊರೆಸಿಕೊಂಡಳು. "ಕೈ ಚೆನ್ನಾಗಿರೋರು ಎಲ್ಲಾದ್ರೂ ಸಿಗ್ತಾರೆ. ಅವರು ತಪ್ಪು ಮಾಡಿದ್ರೆ ಬಂದು ನನಗೆ ಹೇಳ್ತಾರಾ ಮಾಮ?"

ಗಡಿಯಾರದವರು ಸೀಸೆಯನ್ನು ಎಳೆದುಕೊಂಡು ಸೂಕ್ಷ್ಮದರ್ಶಕದ ಮುಂದೆ ಕೂತರು. ಕಣ್ಣಿಟ್ಟು ನೋಡಿದರೆ ಎಲ್ಲ ಮಸುಕು. ಅಂಗಿಯ ತೋಳಿನಿಂದ ಗಾಜು ಒರೆಸಿ ನೋಡಿದರು, ಆಗಲೂ ಮಸುಕು. ಒರೆಸಬೇಕಾದ್ದು ಗಾಜನ್ನಲ್ಲ ಎಂದು ಗೊತ್ತಾಗಲು ಅವರಿಗೆ ಒಂದು ಗಳಿಗೆ ಹಿಡಿಯಿತು.

"ಸ್ವಲ್ಪ ತಡೀಮ್ಮ," ಎಂದರು.

"ನಿಧಾನಕ್ಕೆ ಆಗಲಿ," ಎಂದು ಹುಡುಗಿ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತಳು.